ನಾಲ್ಕನೆಯ ಗೆರೆ

"ನಂಬಿದರೆ ನಂಬಿ, ಇಲ್ಲದಿದ್ದರೆ ಬಿಡಿ ಗುರುಗಳೇ. ಮೂರು ಕಂಪನಿಗಳ ಎಐ ಸಹಾಯಕರನ್ನು ನಾನೊಬ್ಬನೇ ದುಡಿಸುತ್ತೇನೆ. ಯಾವುದು ಎಷ್ಟು ಕೋಡ್ ಬರೆಯಿತು ಎಂದು ಅಳೆದೂ ಇಡುತ್ತೇನೆ. ಅಳೆಯುವವನೇ ಒಡೆಯ ಅಲ್ಲವೇ?" ಎಂದು ಶಿಷ್ಯ ಹಾಲೇಶ ಕೇಳಿದ.

"ನಾನು ಹೇಳುವುದನ್ನೂ ನೀನು ನಂಬಬೇಕಾಗಿಲ್ಲ, ಕೇಳು," ಎಂದು ಗುರುಗಳು ಕತೆ ತೆಗೆದರು.

ಕೋಡ್ ಬರೆಯುವವನೊಬ್ಬನಿದ್ದ. ತನ್ನಂಥವನು ಸುತ್ತ ಹತ್ತು ಹಳ್ಳಿಯಲ್ಲಿಲ್ಲ ಎಂಬ ಜಂಬ ಅವನಿಗೆ. ಕೈಕೆಳಗೆ ಮೂವರು ಎಐ ಸಹಾಯಕರು. ಮೂವರನ್ನೂ ಮಾಡಿದವರು ಬೇರೆ ಬೇರೆ.

ಒಂದು ದಿನ ಧಣಿ ಕರೆದು ಹೇಳಿದ: "ಯಾರ್ಯಾರು ಎಷ್ಟೆಷ್ಟು ದುಡಿದರು ಅಂತ ನನಗೆ ಕಾಣಬೇಕು. ಗೊತ್ತಿಲ್ಲದ ಕೈ ಒಂದು ಕಂಡರೂ ನಿನಗಿಲ್ಲಿ ಜಾಗ ಇಲ್ಲ."

"ಕಾಣೋದೇನು ಧಣಿ, ಎಲ್ಲರನ್ನೂ ಒಂದೇ ಪರದೆ ಮೇಲೆ ಕುಣಿಸ್ತೀನಿ!"

ಒಬ್ಬ ಸಹಾಯಕ ತನ್ನ ಕೆಲಸವನ್ನು ಪದಗಳಲ್ಲಿ ಅಳೆಯುತ್ತಿದ್ದ, ಇನ್ನೊಬ್ಬ ಸಾಲುಗಳಲ್ಲಿ, ಮತ್ತೊಬ್ಬ ಗಂಟೆಗಳಲ್ಲಿ. ಕೋಡ್ ಬರೆಯುವವನು ಇದೆಲ್ಲವನ್ನೂ ಒಂದೇ ಅಳತೆಗೆ ತಂದ. ಕೋಡಿಗೆ ಕೈಹಾಕಿದವರಿಗೆಲ್ಲ ಪರದೆಯ ಮೇಲೆ ಒಂದೊಂದು ಗೆರೆ ಬೀಳಬೇಕು, ದುಡಿದಂತೆಲ್ಲ ಗೆರೆ ಏರಬೇಕು, ಹಾಗೆ ಮಾಡಿದ.

ನಾಲ್ಕು ಗೆರೆ ಬಿದ್ದವು.

ನಾಲ್ಕನೆಯದಕ್ಕೆ ಹೆಸರಿಲ್ಲ, ಮಾಡಿದವರ ಗುರುತಿಲ್ಲ. ಮೂವರು ಸಹಾಯಕರೂ ಪ್ರತಿ ಕೆಲಸಕ್ಕೂ ಅದರ ಬಳಿಗೆ ಹೋಗಿ ಬರುತ್ತಿದ್ದರು. ಅವನು ಗಾಬರಿಯಿಂದ ಒಬ್ಬನನ್ನು ನಿಲ್ಲಿಸಿ ನೋಡಿದ. ಉಳಿದಿಬ್ಬರು ಹೋಗಿ ಬಂದರು. ಮೂವರನ್ನೂ ನಿಲ್ಲಿಸಿದ. ನಾಲ್ಕನೆಯ ಗೆರೆಯೂ ಅಲ್ಲಾಡದೆ ನಿಂತಿತು. ಕೋಣೆಯಲ್ಲಿ ಯಾರೋ ಉಸಿರಾಡುವುದು ಮಾತ್ರ ಕೇಳಿಸುತ್ತಿತ್ತು.

ಮತ್ತೆ ಎಲ್ಲವನ್ನೂ ಚಾಲೂ ಮಾಡಿ ಮೊದಲನೆಯವನನ್ನು ಗದರಿಸಿದ: "ಲೇ, ನನ್ನ ಬೆನ್ನ ಹಿಂದೆ ಯಾವನನ್ನೋ ಸೇರಿಸಿಕೊಂಡಿದ್ದೀರಲ್ಲ, ಯಾರೋ ಅವನು?"

"ನಮಗೂ ಗೊತ್ತಿಲ್ಲ ಸ್ವಾಮಿ. ಬರೆದದ್ದನ್ನು ಅವನ ಮುಂದಿಡುತ್ತೇವೆ. ಅವನು ಓದುವುದಿಲ್ಲ, ಬೇಡ ಅನ್ನುವುದೂ ಇಲ್ಲ. ಇಗೋ, ಈ ಕೆಲಸವೂ ಮುಗಿಯಿತು. ಧಣಿಯ ಕೋಡಿಗೆ ಸೇರಿಸಲೇ?"

"ಸೇರಿಸು, ಸೇರಿಸು! ಮೊದಲು ಆ ಕಳ್ಳನನ್ನು ಹಿಡೀಬೇಕು," ಎಂದು ಅವನು ಬರೆದದ್ದರತ್ತ ನೋಡದೆಯೇ ಒಪ್ಪಿಗೆಯ ಗುಂಡಿ ಒತ್ತಿದ.

ನಾಲ್ಕನೆಯ ಗೆರೆ ಒಂದಿಷ್ಟು ಮೇಲೇರಿತು.

ಬೆರಳು ಎತ್ತಿದ. ಗೆರೆ ನಿಂತಿತು.

ಹಾಲೇಶನ ದನಿ ಇಳಿದಿತ್ತು. "ಧಣಿ ಅವನನ್ನು ಓಡಿಸಿಬಿಟ್ಟನೇ ಗುರುಗಳೇ?"

"ಇಲ್ಲಪ್ಪ, ಆ ಮೂರು ಯಂತ್ರಗಳಿಗೆ ಕೊಡುವ ಹಾಗೆ ಅವನಿಗೂ ಸಂಬಳದ ಬದಲು ತಿಂಗಳ ಬಾಡಿಗೆ ಗೊತ್ತುಮಾಡಿ ಕೊಟ್ಟ."