ನಾಲ್ಕು ನಾಣ್ಯ, ಒಂದು ಗಟ್ಟಿ

ನದಿ ದಾಟಿಸಿ ಬದುಕುತ್ತಿದ್ದ ತಿಪ್ಪವ್ವನ ದೋಣಿ ಒಡೆದುಹೋಯಿತು. ಅವಳು ಆಶ್ರಮಕ್ಕೆ ಬಂದು, ಶಿಷ್ಯ ಶಿವದೇವನ ಕೈಗೆ ಒಂದು ಬಟ್ಟೆಗಂಟು ಕೊಟ್ಟಳು. ಒಳಗೆ ನಾಲ್ಕು ಚಿನ್ನದ ನಾಣ್ಯ, ಕಿರುಬೆರಳಿನಷ್ಟು ಒಂದು ಚಿನ್ನದ ಗಟ್ಟಿ.

"ನಮ್ಮ ಅತ್ತೆ ಕೊಟ್ಟಿದ್ದು ಸ್ವಾಮಿ. ಇದರಲ್ಲೇ ಹೊಸ ದೋಣಿ ಆಗಬೇಕು. ಪೇಟೆಯವರ ಮಾತು ನನಗೆ ತಿಳಿಯೋದಿಲ್ಲ. ನೀವೇ ಮಾರಿಕೊಡಿ."

ಶಿವದೇವ ಪೇಟೆಗೆ ಹೋದ.

ಮೊದಲನೆಯ ಅಂಗಡಿಯವನು ನಾಣ್ಯವನ್ನು ಒರೆಗಲ್ಲಿಗೆ ಉಜ್ಜಿ ಮೂಗು ಮುರಿದ. "ತಾಮ್ರ ಬೆರೆತಿದೆ."

ಎರಡನೆಯವನು, "ಚಿನ್ನ ಅಪ್ಪಟ. ಆದರೆ ಸವೆದು ತೂಕ ಹೋಗಿದೆ" ಅಂದ.

ಮೂರನೆಯವನು, "ಚಿನ್ನವೂ ಸರಿ, ತೂಕವೂ ಸರಿ. ಈ ಹಳೆಯ ಮುದ್ರೆ ಯಾರಿಗೆ ಬೇಕು? ಕರಗಿಸಬೇಕು, ಅದರಲ್ಲಿ ನಷ್ಟ" ಅಂದ.

ಶಿವದೇವ ಗಂಟನ್ನು ಹಾಗೇ ಹಿಂದಕ್ಕೆ ತಂದ. ತಲೆ ಗಿರ್ರೆನ್ನುತ್ತಿತ್ತು.

"ಗುರುಗಳೇ, ಚಿನ್ನ ಒಂದೇ. ಮೂವರು ಮೂರು ಮಾತು ಆಡಿದರು. ಯಾರನ್ನು ನಂಬಲಿ?"

ಗುರುಗಳು ಗಂಟನ್ನು ತೆಗೆದುಕೊಂಡು ಪಕ್ಕಕ್ಕಿಟ್ಟರು. "ನಾಳೆ ಬರಿಗೈಯಲ್ಲಿ ಹೋಗು. ಇಂಥದೇ ನಾಣ್ಯ ಅವರು ಎಷ್ಟಕ್ಕೆ ಕೊಡುತ್ತಾರೆ, ಕೇಳು."

"ನಾನು ಕೊಳ್ಳುವವನಲ್ಲವಲ್ಲ? ಸುಳ್ಳಾಗುವುದಿಲ್ಲವೇ?"

"ಕೊಳ್ಳುತ್ತೇನೆ ಅನ್ನಬೇಡ. ಬೆಲೆ ಮಾತ್ರ ಕೇಳು."

ಮರುದಿನ ಮೊದಲನೆಯವನು ಅದೇ ಬಣ್ಣದ ನಾಣ್ಯ ತೆಗೆದು, "ಅಪ್ಪಟ ಬಂಗಾರ!" ಅಂದ. ಎರಡನೆಯವನು, "ಸವೆತವೇ? ಗುಲಗಂಜಿಯಷ್ಟೂ ಇಲ್ಲ" ಅಂದ. ಮೂರನೆಯವನು, "ಹಳೆಯ ಮುದ್ರೆ ಸ್ವಾಮಿ, ಜನ ಮುಗಿಬೀಳುತ್ತಾರೆ" ಅಂತ ಕಣ್ಣರಳಿಸಿದ.

ಶಿವದೇವನಿಗೆ ನಿನ್ನೆಗಿಂತ ಹೆಚ್ಚು ಗಲಿಬಿಲಿಯಾಯಿತು. ಬೀದಿಯ ತುದಿಯಲ್ಲಿ ಒಬ್ಬ ಮುದುಕನ ಪುಟ್ಟ ಅಂಗಡಿಯಿತ್ತು. ಅಲ್ಲೂ ಕೇಳಿದ.

"ಕೊಡುವಾಗ ತೊಲಕ್ಕೆ ನೂರು" ಅಂದ ಮುದುಕ.

"ತೆಗೆದುಕೊಳ್ಳುವಾಗ?"

"ತೊಂಬತ್ತೇಳು. ನಡುವಿನ ಮೂರು ನಮ್ಮ ಮನೆಯ ಅಕ್ಕಿಗೆ."

ಶಿವದೇವ ಮರುದಿನ ಗಂಟನ್ನು ಅಲ್ಲಿಗೇ ಒಯ್ದ. ಮುದುಕ ಒಂದೊಂದನ್ನೂ ಅವನ ಎದುರಿಗೇ ಒರೆಗೆ ಹಚ್ಚಿ, ತೂಗಿ, ಹೇಳಿದ ದರದಲ್ಲೇ ಹಣ ಕೊಟ್ಟ. ವಾರದೊಳಗೆ ತಿಪ್ಪವ್ವನ ಹೊಸ ದೋಣಿ ನೀರಿಗಿಳಿಯಿತು.

ಆ ದೋಣಿಯಲ್ಲೇ ಬಂದ ಒಬ್ಬ ಪ್ರಯಾಣಿಕ ಚಿನ್ನ ಮಾರಿದ ದರ ಕೇಳಿ ಶಿವದೇವನಿಗೆ ಹೇಳಿದ, "ಅಯ್ಯೋ, ಮುಂದಿನ ಊರಿನಲ್ಲಾದರೆ ತೊಂಬತ್ತೆಂಟು ಕೊಡುತ್ತಿದ್ದರು."

ಅಂದಿನಿಂದ ಶಿವದೇವನಿಗೆ ಊಟ ಸೇರಲಿಲ್ಲ. ಜಪಕ್ಕೆ ಕೂತರೂ ತೊಂಬತ್ತೆಂಟೇ ನೆನಪಾಗುತ್ತಿತ್ತು. ಕೊನೆಗೆ ಗುರುಗಳ ಮುಂದೆ ಕೂತ.

"ಗುರುಗಳೇ, ನಾನು ಮೋಸಹೋದೆನೇ? ನನಗೆ ಸಿಕ್ಕಿದ್ದು ನ್ಯಾಯವಾದ ಬೆಲೆಯೋ, ಅಲ್ಲವೋ?"

"ಆ ಮುದುಕ ನಿನ್ನಿಂದ ಏನಾದರೂ ಮುಚ್ಚಿಟ್ಟನೇ?"

"ಇಲ್ಲ."

"ನೀನು ಅವನಿಂದ?"

"ಇಲ್ಲ."

"ಮುಂದಿನ ಊರಿನಾಚೆಗೂ ಒಂದು ಊರಿದೆ, ಗೊತ್ತೇ?"

ಶಿವದೇವ ಗೊಂದಲದಿಂದ ತಲೆಯಾಡಿಸಿದ. "ಅಲ್ಲಿ ಇನ್ನೂ ಹೆಚ್ಚು ಕೊಡುತ್ತಾರೆಯೇ?"

ಗುರುಗಳು ನಕ್ಕರು.

"ನ್ಯಾಯವಾದ ಬೆಲೆ ನಿನಗೆ ಸಿಕ್ಕಾಗಿದೆ, ಮಗು. ಈಗ ನೀನು ಹುಡುಕುತ್ತಿರುವುದಕ್ಕೆ ನ್ಯಾಯ ಅಂತ ಹೆಸರಿಡಬೇಡ."