ನೀಲವ್ವನ ಎಡಗಾಲು

ಹೊಳೆಯ ತಿರುವಿನಲ್ಲಿ ಒಂದು ಮಠವಿತ್ತು. ಮಠಕ್ಕಿಂತ ಅದರ ಕುದುರೆಲಾಯವೇ ದೊಡ್ಡದು. ನಿರುಪಾದಜ್ಜ ಅಲ್ಲಿ ಸವಾರಿ ಕಲಿಸುತ್ತಿದ್ದರು.

ಧ್ಯಾನ ಕಲಿಯಲು ಬಂದವರಿಗೂ ಅವರು ಮೊದಲು ಲದ್ದಿ ಬುಟ್ಟಿಯನ್ನೇ ಹೊರಿಸುತ್ತಿದ್ದರು. ಕುದುರೆ ಕಂಡರೆ ಕಾಲುನೋವು ಎನ್ನುವ ಜನ, ಲದ್ದಿ ಕಂಡೊಡನೆ ನೋವೆಲ್ಲ ಮರೆತು ಊರ ದಾರಿ ಹಿಡಿಯುತ್ತಿದ್ದರು.

ಹೊನಕೇರಪ್ಪ ಮಾತ್ರ ಹೋಗಲಿಲ್ಲ. ಉಳಿದ, ಕಲಿತ, ಒಳ್ಳೆಯ ಸವಾರನಾದ.

ಲಾಯಕ್ಕೆ ಇದ್ದದ್ದು ಒಂದೇ ನಿಯಮ. ಸಂಜೆ ಕುದುರೆಯ ಕಾಲುಗಳನ್ನು ಎತ್ತಿ, ಗೊರಸಿನ ಅಡಿಯ ಕೆಸರು ಕೆರೆದು, ಒಣಬಟ್ಟೆಯಲ್ಲಿ ಒರೆಸಿದ ಮೇಲೆಯೇ ಸವಾರ ಊಟಕ್ಕೆ ಕೂರಬೇಕು. ಕುದುರೆ ಕಾಲೆತ್ತಿ ಕೈಗೆ ಕೊಟ್ಟಳೇ ಎಂದು ಕುಳಿತವನನ್ನು ಅಜ್ಜ ಕೇಳುವುದೂ ಒಂದೇ ಮಾತು.

"ಕಾಲು ಕೊಟ್ಲೇನಪ್ಪಾ?"

ದಸರೆಗೆ ಇನ್ನೊಂದು ಪದ್ಧತಿಯಿತ್ತು. ದಶಮಿಯ ದಿನ ಒಬ್ಬ ಶಿಷ್ಯ ಕುದುರೆಯೇರಿ ಹೊಳೆ ದಾಟಿ, ಆಚೆಯ ಗುಡ್ಡದ ಬನ್ನಿಮರದಿಂದ ಎಲೆ ತರಬೇಕು. ಆ ಎಲೆಯನ್ನೇ ಊರವರು ಬಂಗಾರವೆಂದು ಒಬ್ಬರಿಗೊಬ್ಬರು ಕೊಟ್ಟುಕೊಳ್ಳುತ್ತಿದ್ದರು. ತಂದವನ ಕೈಗೆ ಅಜ್ಜ ಒಂದು ಹೊಸ ಕಡಿವಾಣ ಕೊಡುತ್ತಿದ್ದರು. ಅಂದಿನಿಂದ ಅವನೂ ಗುರು. ಅವನೂ ಬೇರೆಯವರಿಗೆ ಕಲಿಸಬಹುದು.

"ಈ ವರ್ಷ ನೀ ಹೋಗು," ಎಂದರು ಅಜ್ಜ. "ನೀಲವ್ವನ ಮ್ಯಾಲೆ."

ನೀಲವ್ವ ಬೂದುಬಣ್ಣದ ಹೆಣ್ಣುಕುದುರೆ. ಎಂಥ ಕೆಸರಿಗೂ, ಎಂಥ ಸೆಳವಿಗೂ ಹಿಂಜರಿಯದವಳು. ಹೊನಕೇರಪ್ಪನಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಷ್ಟರಲ್ಲಿ ಹಸ್ತದ ಮಳೆ ಹಿಡಿಯಿತು. ಜೋರಿಲ್ಲ, ಬಿಡುವೂ ಇಲ್ಲ. ಲಾಯದ ನೆಲ ಒದ್ದೆ, ಹಾಸಿದ ಹುಲ್ಲು ಒದ್ದೆ, ಹೊರಗೆ ಮೊಣಕಾಲುದ್ದ ಕೆಸರು. ಆ ಥಂಡಿಗೆ ಅಜ್ಜನಿಗೆ ಚಳಿಜ್ವರ ಬಂತು. ಕಂಬಳಿ ಹೊದ್ದು ಪಡಸಾಲೆಯಲ್ಲಿ ಮಲಗಿಬಿಟ್ಟರು.

ಹೊನಕೇರಪ್ಪ ನೀಲವ್ವನ ಮೈ ತಿಕ್ಕಿದ, ಬಾಲ ಬಾಚಿದ. ಗೊರಸುಗಳು ಮಾತ್ರ ಮಂಕಾಗಿ ಕಂಡವು. ದಶಮಿಯ ದಿನ ಊರಿಗೆ ಊರೇ ನೋಡುತ್ತದೆ. ಅವನು ಹರಳೆಣ್ಣೆಯಲ್ಲಿ ದೀಪದ ಮಸಿ ಕಲಸಿ, ಹಸಿ ಗೊರಸಿನ ಮೇಲೆಯೇ ದಪ್ಪಗೆ ಬಳಿದ. ಮಿರಮಿರ ಮಿಂಚಿದವು.

ಇನ್ನು ಕಾಲೆತ್ತಿದರೆ ಬಳಿದದ್ದೆಲ್ಲ ಕೈಗೇ ಹತ್ತುತ್ತದೆ. ಆದರೂ ಬಗ್ಗಿ ಕೈಚಾಚಿದ. ನೀಲವ್ವ ಎಡ ಹಿಂಗಾಲನ್ನು ಸರಕ್ಕನೆ ಎಳೆದುಕೊಂಡಳು.

"ಹಬ್ಬದ ಹುರುಪು ಇವಳಿಗೂ ಬಂದೈತಿ," ಎಂದು ನಕ್ಕು ಅವನು ಊಟಕ್ಕೆ ಹೋದ.

"ಕಾಲು ಕೊಟ್ಲೇನಪ್ಪಾ?" ಕಂಬಳಿಯೊಳಗಿಂದ ಅಜ್ಜ ಕೇಳಿದರು.

"ಕೊಟ್ಲರೀ ಅಜ್ಜಾರ."

ಅಂದು ರೊಟ್ಟಿ ಗಂಟಲಲ್ಲಿ ಸಿಕ್ಕಿತು. ಮರುದಿನ ಅವನು ಬಗ್ಗಲೂ ಇಲ್ಲ, ಅದೇ ಉತ್ತರ ಕೊಟ್ಟ. ರೊಟ್ಟಿ ಸಲೀಸಾಗಿ ಇಳಿಯಿತು. ಸುಳ್ಳಿನ ಗುಣವೇ ಹಾಗೆ.

ಹೀಗೇ ದಿನಗಳು ಕಳೆದು ದಶಮಿ ಬಂತು. ಜನ ಕಂಬಳಿಕೊಪ್ಪೆ ಹೊದ್ದು ಮಠದ ಮುಂದೆ ಸೇರಿದರು. ಕೊರಳಿಗೆ ಚೆಂಡುಹೂವಿನ ಮಾಲೆ ಹಾಕಿಕೊಂಡು ನೀಲವ್ವ ನಿಂತಿದ್ದಳು.

"ಗೊರಸು ನೋಡ್ರಿ, ಕನ್ನಡಿ ಆಗ್ಯಾವು!" ಎಂದಳು ಒಬ್ಬ ಮುದುಕಿ.

ಮೇಲೆ ಥಳುಕು, ಒಳಗೆ ಹುಳುಕು. ಅದು ಆ ಮುದುಕಿಗೆ ಹೇಗೆ ಗೊತ್ತಾಗಬೇಕು?

ಅಜ್ಜ ಕಂಬಕ್ಕೆ ಒರಗಿ ನಿಂತು, ನಡುಗುವ ದನಿಯಲ್ಲಿ ಮತ್ತೆ ಅದೇ ಪ್ರಶ್ನೆ ಕೇಳಿದರು. ಹೊನಕೇರಪ್ಪ ಅದೇ ಉತ್ತರ ಹೇಳಿ ಕುದುರೆ ಏರಿದ.

ಹೊಳೆಯಲ್ಲಿ ನೀರು ಹೆಚ್ಚಿರಲಿಲ್ಲ. ಆಚೆ ದಂಡೆಯ ಬೆಣಚುಕಲ್ಲುಗಳ ಮೇಲೆ ನೀಲವ್ವ ಒಮ್ಮೆ ಮುಗ್ಗರಿಸಿದಳು. ನಾಲ್ಕು ಹೆಜ್ಜೆ ಇಟ್ಟಳು. ಆಮೇಲೆ ಅವಳ ಇಡೀ ಮೈ ನಡುಗಿತು.

ಗುಡ್ಡ ಎದುರಿಗೇ ಇತ್ತು. ಮಳೆಯಲ್ಲಿ ತೊಯ್ದ ಬನ್ನಿಮರ ಕಾಣುತ್ತಿತ್ತು. ಒಂದು ಏರು, ಒಂದು ಇಳಿವು, ಅಷ್ಟೇ. ಕಾಲಿಗೆ ಏನಾಗಿದೆಯೋ ನಾಳೆ ನೋಡಿದರಾಯಿತು. ಹೊನಕೇರಪ್ಪ ಹಿಮ್ಮಡಿ ಒತ್ತಿದ.

ನೀಲವ್ವ ಹೊರಟಳು. ಕುಂಟುತ್ತ, ನಡುಗುತ್ತ, ಅವನು ಹೇಳಿದ ಕಡೆಗೇ ಹೊರಟಳು.

ಅದನ್ನು ಅವನಿಂದ ತಾಳಲಾಗಲಿಲ್ಲ. ಅವನು ಇಳಿದ.

ಮಂಡಿಯೂರಿ ಎಡ ಹಿಂಗಾಲಿಗೆ ಕೈ ಹಾಕಿದ. ಅವಳು ಎಳೆದುಕೊಂಡಳು. ಅವನು ಮಳೆಯಲ್ಲಿ ಕಾದ. ಬಹಳ ಹೊತ್ತಿನ ಮೇಲೆ ಅವಳು ಕಾಲು ಕೊಟ್ಟಳು.

ದುರ್ನಾತ ಮುಖಕ್ಕೆ ಬಡಿಯಿತು. ಗೊರಸಿನ ಅಡಿ ಕಪ್ಪಗೆ ಕೊಳೆತಿತ್ತು. ಮುಟ್ಟಿದರೆ ಬೆರಳು ಒಳಗಿಳಿಯಿತು. ಬಳಿದ ಎಣ್ಣೆಯು ಹೊರಗಿನ ಒದ್ದೆಯನ್ನು ಆರಗೊಟ್ಟಿರಲಿಲ್ಲ, ಒಳಗಿನ ಕೆಸರನ್ನು ಯಾರೂ ತೆಗೆದಿರಲಿಲ್ಲ. ಹೊನಕೇರಪ್ಪ ಆ ಕಾಲನ್ನು ಹಿಡಿದುಕೊಂಡೇ ಅತ್ತ.

ಜೀನು ಬಿಚ್ಚಿ ತನ್ನ ತಲೆಯ ಮೇಲೆ ಹೊತ್ತು, ಅವಳನ್ನು ಮೆಲ್ಲಗೆ ನಡೆಸಿಕೊಂಡು ಹಿಂದಿರುಗಿದ.

"ಬನ್ನಿ ಎಲ್ಲೈತೋ?" ಊರಗೌಡ ಸಿಡುಕಿದ. "ಹಬ್ಬದ ದಿನ ಬರಿಗೈಲೆ ಬಂದ್ಯಲ್ಲ! ಊರಿಗೆ ಒಳ್ಳೇದಾಗತದೇನು?"

ಅಜ್ಜ ಕಂಬಳಿ ಜಾರಿದ್ದನ್ನೂ ನೋಡದೆ ಮಳೆಗೆ ಇಳಿದು ಬಂದರು. ಕೆಸರಿನಲ್ಲೇ ಕುಳಿತು ನೀಲವ್ವನ ಕಾಲನ್ನು ತೊಡೆಯ ಮೇಲೆ ಇಟ್ಟುಕೊಂಡರು.

"ಎಂದಿನಿಂದ ಕಾಲು ಕೊಟ್ಟಿಲ್ಲ ಈಕಿ?"

"ಆಕಿ ಕೊಡಲಿಲ್ಲ ಅಂದ್ರ ಅದೂ ಸುಳ್ಳಾಗತೈತ್ರಿ. ಮೊದಲ ದಿನ ಎಳಕೊಂಡ್ಲು, ಆಮ್ಯಾಲೆ ನಾ ಕೇಳಲೇ ಇಲ್ಲ."

"ನಾನೂ ಬಾಯಿಮಾತು ಕೇಳಿ ಮಲಗಿದೆ," ಎಂದರು ಅಜ್ಜ. ಆಮೇಲೆ ಜನರ ಕಡೆ ತಿರುಗಿದರು. "ಈ ವರ್ಷ ಬಂಗಾರ ಇಲ್ಲ. ಮನೀಗೆ ಹೋಗ್ರಿ."

ಜನ ಗೊಣಗುತ್ತ ಹೋದರು. ಹೊನಕೇರಪ್ಪ ಅಲ್ಲೇ ನಿಂತಿದ್ದ.

"ಮತ್ತ ನಡೀತಾಳೇನ್ರಿ ಅಜ್ಜಾರ?"

"ಗೊತ್ತಿಲ್ಲ."

"ನನ್ನ ಕೆಡವಬೇಕಾಗಿತ್ತು ಈಕಿ. ಒದೀಬೇಕಾಗಿತ್ತು. ಯಾಕ ಸುಮ್ಮನ ಹೊತ್ತಳು?"

"ಒದೆಯೋ ಕುದುರಿಗೆ ಎಲ್ಲಾರೂ ಔಷಧ ಮಾಡ್ತಾರ," ಎಂದರು ಅಜ್ಜ. "ಹೊರೋ ಕುದುರಿ ಕಾಲು ನಾವಾಗೇ ಎತ್ತಿ ನೋಡಬೇಕು."

ಬೈಗುಳ ಬರಲೇ ಇಲ್ಲ. ಬಂದಿದ್ದರೆ ಹೊನಕೇರಪ್ಪನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಒದ್ದೆ ಹುಲ್ಲನ್ನೆಲ್ಲ ಹೊರಗೆ ಹಾಕಿ, ಒಲೆಯ ಬೂದಿಯನ್ನೂ ಬಿಸಿ ಮಾಡಿದ ಮರಳನ್ನೂ ಲಾಯದ ನೆಲಕ್ಕೆ ಹರಡಿದ. ಕೊಳೆತದ್ದನ್ನು ಕೆರೆದ. ಬೇವಿನ ಕಷಾಯದಲ್ಲಿ ತೊಳೆದು, ಒರೆಸಿ, ಮೈಲುತುತ್ತದ ಪುಡಿ ತುಂಬಿ ಬಟ್ಟೆ ಕಟ್ಟಿದ. ಮರುದಿನ ಬಿಚ್ಚಿ ಮತ್ತೆ ಮೊದಲಿನಿಂದ ಮಾಡಿದ. ಚಿತ್ತಾ ಮಳೆ ಸುರಿಯಿತು. ಊರವರು ಅವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು. ನೀಲವ್ವ ಮೂರು ಕಾಲಿನ ಮೇಲೆಯೇ ನಿಂತಿರುತ್ತಿದ್ದಳು. ಇನ್ನು ಏಳಲಾರಳೇನೋ ಎನ್ನುವಂತೆ ಮಲಗಿದ ದಿನಗಳೂ ಇದ್ದವು. ಆ ದಿನಗಳಲ್ಲಿ ಅವನು ಅವಳ ಕೊರಳಿಗೆ ಹಣೆ ಹಚ್ಚಿ ಕೂರುತ್ತಿದ್ದ.

ಸ್ವಾತಿ ಮಳೆ ಮುಗಿಯುವ ಹೊತ್ತಿಗೆ ಒಂದು ಬೆಳಗ್ಗೆ ನೀಲವ್ವ ಎಡ ಹಿಂಗಾಲನ್ನು ನೆಲಕ್ಕೆ ಊರಿದಳು. ತಡೆದು, ಮತ್ತೆ ಊರಿ, ಮೇವಿನ ಗೋದಲಿಯ ತನಕ ನಡೆದಳು.

ಹೊನಕೇರಪ್ಪ ಓಡಿಹೋಗಿ ಅಜ್ಜನಿಗೆ ಹೇಳಿದ. ಅಜ್ಜ ಬಂದು ಆ ಕಾಲನ್ನು ಎತ್ತಿ ನೋಡಿದರು. ಒಳಗೆ ಹೋಗಿ ಹೊಸ ಕಡಿವಾಣ ತಂದು ಅವನ ಮುಂದೆ ಹಿಡಿದರು.

ಹೊನಕೇರಪ್ಪ ಕೈ ಹಿಂದೆಳೆದುಕೊಂಡ.

"ಬ್ಯಾಡ್ರಿ ಅಜ್ಜಾರ. ನಾ ಬನ್ನಿ ತರಲಿಲ್ಲ. ಸುಳ್ಳು ಹೇಳಿ ಉಂಡವ ನಾ. ಬ್ಯಾರೆ ಯಾರಿಗಾದರೂ ಕೊಡ್ರಿ."

"ನೀ ಇಳಿದಾಗ ಗುಡ್ಡ ಕಾಣತಿತ್ತೇನು?"

"ಕಾಣತಿತ್ತರೀ. ಬನ್ನಿಮರಾನೂ ಕಾಣತಿತ್ತು."

"ಆಕಿ ನಿಂತುಬಿಟ್ಟಿದ್ಲೇನು?"

"ಇಲ್ಲರೀ. ನಡೀತಿದ್ಲು."

"ಇಳಿ ಅಂತ ಯಾರಾದರೂ ಅಂದ್ರೇನು?"

"ಅಲ್ಲಿ ಯಾರೂ ಇರಲಿಲ್ಲರೀ."

ಅಜ್ಜ ಕಡಿವಾಣವನ್ನು ಅವನ ಹೆಗಲ ಮೇಲೆ ಹಾಕಿದರು.

"ಏರೋದು ನಾ ಕಲಿಸಿದೆ. ಇಳಿಯೋದು ಯಾರ ಕಡೆ ಕಲತೀಪಾ? ಹೇಳು, ನಾನೂ ಅವರ ಕಡೆ ಹೋಗಬೇಕು."