ತಿಪ್ಪವ್ವನ ಅಪ್ಪಣೆ

ಭಕ್ತರು ಬಯಲಜ್ಜನವರೆಂದು ಕರೆಯುತ್ತಿದ್ದ ಶ್ರೀ ಬಯಲಯ್ಯ ಸ್ವಾಮಿಗಳಿಗೆ ಮಠವಿರಲಿಲ್ಲ, ಪೀಠವಿರಲಿಲ್ಲ. ಹೆಗಲ ಮೇಲಿನ ಕಂಬಳಿ, ಕೈಯಲ್ಲಿನ ಬೆತ್ತ ಬಿಟ್ಟರೆ ತಮ್ಮದೆನ್ನುವ ಸಾಮಾನೂ ಇರಲಿಲ್ಲ. ಊರಿಂದೂರಿಗೆ ನಡೆಯುತ್ತಲೇ ಪೂಜ್ಯರು ಆಯುಷ್ಯ ಸವೆಸಿದರು. ಅವರದೊಂದು ನೇಮವಿತ್ತು. ಗುಡಿಯ ಪೌಳಿಯಾಗಲಿ, ಬೇವಿನ ಮರದ ನೆರಳಾಗಲಿ, ಅಲ್ಲಿ ಮೊದಲೇ ಇದ್ದವರ ಮುಂದೆ ಕೈಮುಗಿದು ನಿಂತು "ನಾ ಇಲ್ಲಿ ಕೂಡಬಹುದೇನ್ರಿ?" ಎಂದು ಕೇಳುವರು. ಹೂಂ ಎಂದ ಮೇಲೆಯೇ ಕಂಬಳಿ ಹಾಸುವರು. ಒಮ್ಮೆ ಮರದಡಿ ಮಲಗಿದ್ದ ನಾಯಿಯನ್ನೂ ಹೀಗೇ ಕೇಳಿ, ಅದು ಬಾಲ ಅಲ್ಲಾಡಿಸಿದ ಮೇಲೆ ಕುಳಿತರಂತೆ. ಜೊತೆಗಿದ್ದವರು ಮುಖ ಆಚೆ ತಿರುಗಿಸಿ ನಕ್ಕರು. ನಕ್ಕವರಲ್ಲಿ ಕರಿಗುಡ್ಡದ ಬೆಲ್ಲದ ವ್ಯಾಪಾರಿ ಮುರಿಗೆಪ್ಪನೂ ಒಬ್ಬ. ಮುಂದೊಂದು ದಿನ ಅದೇ ಮಾತು ತನ್ನ ಗಂಟಲಲ್ಲಿ ಸಿಕ್ಕಿಕೊಳ್ಳುವುದೆಂದು ಪಾಪ, ಅವನಿಗೆ ಹೇಗೆ ತಿಳಿಯಬೇಕು?

ಕರಿಗುಡ್ಡದ ಪೇಟೆಯ ಕೊನೆಗೆ ಒಂದು ಹಾಳು ಚಾವಡಿಯಿತ್ತು. ಅರ್ಧ ಮಾಳಿಗೆ ಕುಸಿದಿತ್ತು. ಉಳಿದರ್ಧದ ಕೆಳಗೆ ತಿಪ್ಪವ್ವನೆಂಬ ಮುದುಕಿ ಇದ್ದಳು. ಹಿಂದಿಲ್ಲ ಮುಂದಿಲ್ಲ, ಮೂರು ಕಲ್ಲಿನ ಒಲೆ, ಒಂದು ಮಣ್ಣಿನ ಗಡಿಗೆ. ಹಳೆಯ ಸೀರೆಗಳ ತುಂಡು ಕೂಡಿಸಿ ಊರವರಿಗೆ ಕೌದಿ ಹೊಲಿದುಕೊಟ್ಟು, ಅವರು ಕೊಟ್ಟ ಜೋಳದಲ್ಲಿ ಹೊಟ್ಟೆ ಹೊರೆಯುತ್ತಿದ್ದಳು. ಬಯಲಜ್ಜನವರು ಕರಿಗುಡ್ಡಕ್ಕೆ ಬಂದಾಗಲೆಲ್ಲ ಶ್ರೀಮಂತರ ಮನೆಗಳನ್ನು ದಾಟಿ ನೇರ ಅಲ್ಲಿಗೇ ಹೋಗುವರು. "ಯವ್ವಾ, ನಾ ಇಲ್ಲಿ ಕೂಡಬಹುದೇನು?" ಎಂದು ಕೇಳುವರು. "ಬರ್ರಿ ಎಪ್ಪಾ, ಜಾಗಾ ಐತಿ" ಎಂದು ಆಕೆ ತನ್ನ ಕೌದಿಯನ್ನೇ ಹಾಸುವಳು. ಇಷ್ಟೇ ಅವರ ಮಾತು. ಆದರೂ ಆ ಮೂಲೆಯಲ್ಲಿ ಕುಳಿತಾಗ ಪೂಜ್ಯರ ಮುಖದಲ್ಲಿ ಕಾಣುತ್ತಿದ್ದ ನೆಮ್ಮದಿ ಭಕ್ತರು ಕೂರಿಸಿದ ಯಾವ ಪಲ್ಲಕ್ಕಿಯಲ್ಲೂ ಕಾಣಲಿಲ್ಲ.

ಮುರಿಗೆಪ್ಪನಿಗೆ ಇದು ನುಂಗಲಾರದ ತುತ್ತಾಗಿತ್ತು. ಅದಕ್ಕೆ ಕಾರಣವಿತ್ತು. ಅವನ ಅಪ್ಪ ಸತ್ತ ವರ್ಷ ದಾಯಾದಿಗಳು ತಾಯಿ ಮಗನನ್ನು ಮನೆಯಿಂದ ಹೊರಗೆ ಹಾಕಿದಾಗ, ಅವರಿಬ್ಬರೂ ಮಳೆಗಾಲವನ್ನು ಕಳೆದದ್ದು ಇದೇ ಚಾವಡಿಯಲ್ಲಿ. ಆಗಲೂ ಅಲ್ಲಿದ್ದ ತಿಪ್ಪವ್ವ ತನ್ನ ಕೌದಿಯೊಳಗೆ ಆ ಮಗುವನ್ನೂ ಸೇರಿಸಿಕೊಂಡು ಮಲಗಿದವಳು. ತಾಯಿ ಬಹಳ ದಿನ ಬದುಕಲಿಲ್ಲ. ಮಗ ಬೆಲ್ಲದಂಗಡಿಯಲ್ಲಿ ಕಸ ಗುಡಿಸಲು ಸೇರಿ, ಬೆವರು ಸುರಿಸಿ, ಕೊನೆಗೆ ಅದೇ ಅಂಗಡಿಯ ಧಣಿಯಾದ. ಕೈ ಬಿಗಿಯಲ್ಲ, ದಾನಧರ್ಮವಿತ್ತು. ಆದರೆ ಹಳೆಯ ಬಡತನವನ್ನು ಯಾರಾದರೂ ನೆನಪಿಸಿದರೆ ಮೈಯೆಲ್ಲ ಉರಿಯುತ್ತಿತ್ತು. ಊರೆಲ್ಲ "ಧಣೇರ" ಎನ್ನುವಾಗ ತಿಪ್ಪವ್ವನೊಬ್ಬಳು ತುಂಬಿದ ಪೇಟೆಯಲ್ಲಿ "ಏ ಮುರಿಗ್ಯಾ, ಉಂಡೇನಪಾ?" ಎಂದು ಕೂಗುವಳು. ಪ್ರೀತಿಯಿಂದಲೇ ಕೂಗುತ್ತಿದ್ದಳು. ಅವನು ಕೇಳಿಸದವನಂತೆ ತಲೆ ತಗ್ಗಿಸಿ ಹೋಗಿಬಿಡುತ್ತಿದ್ದ.

ಕೊನೆಗೆ ಆ ಚಾವಡಿಯನ್ನು ಕೆಡವಿ, ತಾಯಿಯ ಹೆಸರಿನಲ್ಲಿ ದಿಕ್ಕಿಲ್ಲದವರಿಗೊಂದು ಛತ್ರ ಕಟ್ಟಿಸಲು ನಿಶ್ಚಯಿಸಿದ. ಪುಣ್ಯದ ಕೆಲಸ, ಯಾರು ಬೇಡವೆನ್ನುತ್ತಾರೆ? ಆದರೆ ಅದರೊಳಗೆ ಆ ಹಾಳು ಮೂಲೆಯ ಗುರುತು ಅಳಿಸುವ ಆಸೆಯೂ ಇತ್ತೆಂಬುದು ಅವನ ಮನಸ್ಸಿಗೆ ಗೊತ್ತಿತ್ತು. ತಿಪ್ಪವ್ವನ ಬಳಿ ತಾನು ಹೋಗಲಿಲ್ಲ, ಆಳನ್ನು ಕಳಿಸಿದ. "ಕಟ್ಟಡ ಮುಗಿಯೋತನಕ ಎಲ್ಲ್ಯಾದ್ರೂ ಇರಬೇಕಂತ" ಎಂದು ಆಳು ಹೇಳಿದ್ದಕ್ಕೆ ಆಕೆ ಗಡಿಗೆ, ಕೌದಿ ಎತ್ತಿಕೊಂಡು ಸಂತೆಕಟ್ಟೆಯ ಹಿಂದಿನ ಹುಣಸೆಮರದ ಕೆಳಗೆ ಹೋದಳು. ಕಟ್ಟಡ ಮುಗಿಯಿತು. ಅವನು ಆಕೆಯನ್ನು ಕರೆಯಲಿಲ್ಲ. ದೊಡ್ಡ ಮಂದಿ ಬರುವ ದಿನ, ಎಲ್ಲರ ಮುಂದೆ 'ಮುರಿಗ್ಯಾ' ಎಂದುಬಿಟ್ಟರೆ? ಎಲ್ಲ ಮುಗಿದ ಮೇಲೆ ಕರೆದರಾಯಿತು ಎಂದುಕೊಂಡ.

ಪ್ರವೇಶದ ದಿನ ಬಯಲಜ್ಜನವರು ಇಳಿಹೊತ್ತಿಗೆ ದಯಮಾಡಿಸಿದರು. ಬಾಗಿಲಿಗೆ ಮಾವಿನ ತೋರಣ, ಅಂಗಳದಲ್ಲಿ ಸನಾದಿಯ ನಾದ. ಪಾದಪೂಜೆಯ ತಟ್ಟೆ ಹಿಡಿದು ಮುರಿಗೆಪ್ಪ ಹೊಸ್ತಿಲಲ್ಲಿ ನಿಂತಿದ್ದ. ಪೂಜ್ಯರು ಹೊಸ್ತಿಲ ಈಚೆಗೇ ನಿಂತು ಒಳಗೆ ಕಣ್ಣಾಡಿಸಿದರು.

"ಇಲ್ಲಿರೋ ಯವ್ವ ಎಲ್ಲಿ, ತಮ್ಮಾ? ಆಕೀನ್ನ ಕೇಳದ ನಾ ಎಂದೂ ಇಲ್ಲಿ ಕೂತಿಲ್ಲ."

"ಅಜ್ಜಾರ, ಇದನ್ನ ಕಟ್ಟಿಸಿದಾವ ನಾನು. ನಾನಽ ಕರಿಯಾಕ ಹತ್ತೀನಿ, ಒಳಗ ಬರ್ರಿ."

"ಕಟ್ಟಿಸಿದಾವ ನೀನು, ಖರೆ. ಇದ್ದಾಕಿ ಆಕಿ. ಹೋಗಿ ಕೇಳಿ ಬಾ, ನನಗೂ ನಿನಗೂ ಕೂಡಿ."

"ಈಗಽ ಆಳ ಕಳಿಸ್ತೀನ್ರಿ."

"ಕಳಿಸೋದಲ್ಲಪಾ, ಹೋಗೋದು."

ಹೀಗೆಂದು ಪೂಜ್ಯರು ಕಟ್ಟಡಕ್ಕೆ ತಂದು ಉಳಿದ ಉಸುಕಿನ ಗುಂಪಿಯ ಮೇಲೆ ಕಂಬಳಿ ಹಾಸಿ ಕುಳಿತುಬಿಟ್ಟರು. ಸನಾದಿ ನಿಂತಿತು. ಮಂದಿ ಒಬ್ಬರ ಮುಖ ಒಬ್ಬರು ನೋಡಿದರು.

ಮುರಿಗೆಪ್ಪ ಹೋದ. ಹೋಗಲಿಲ್ಲವೆಂದು ಹೇಳುವಂತಿಲ್ಲ. ಸಂತೆಕಟ್ಟೆ ದಾಟಿದಾಗ ತಿಪ್ಪವ್ವ ಹುಣಸೆಮರಕ್ಕೆ ಒರಗಿ, ಮಂದ ಬೆಳಕಿನಲ್ಲಿ ಸೂಜಿಗೆ ದಾರ ಪೋಣಿಸಲು ಹೆಣಗುತ್ತಿರುವುದು ಕಂಡಿತು. ಬಾಯಿ ಬಿಟ್ಟು ನಾಲ್ಕು ಮಾತಾಡಿದ್ದರೆ ಸಾಕಿತ್ತು. ಬೆನ್ನ ಹಿಂದೆ ಕುತೂಹಲದಿಂದ ಬಂದ ಮಂದಿಯ ಹೆಜ್ಜೆಸಪ್ಪಳ ಕೇಳಿಸಿತು. ಇವರ ಮುಂದೆ, ಈ ಮುದುಕಿಯನ್ನು, ನನ್ನ ಛತ್ರಕ್ಕೆ ನಾನು ಬರಲೇ ಎಂದು ಕೇಳುವುದೇ? ಕಾಲು ಅಲ್ಲೇ ನಿಂತಿತು. ಆಕೆ ತಲೆ ಎತ್ತುವ ಮೊದಲೇ ಹಿಂದಿರುಗಿದ. "ನಾಳೆ ಮುಂಜಾನೆ ಕೇಳ್ತೀನ್ರಿ ಅಜ್ಜಾರ, ಈಗ ಮಂದಿ ಉಣಬೇಕು" ಎಂದ. ಪೂಜ್ಯರು ಊಟವನ್ನೂ ಮುಟ್ಟದೆ ಉಸುಕಿನ ಮೇಲೆಯೇ ಮಲಗಿದರು. ಚಳಿಗಾಲದ ದಿನಗಳು ಅವು.

ಬೆಳಗಾದೊಡನೆ ಮುರಿಗೆಪ್ಪ ಹೊಸ ಸೀರೆಯೊಂದನ್ನು ಹಿಡಿದು ಒಬ್ಬನೇ ಹೊರಟ. ಮಂದಿ ಏಳುವ ಮೊದಲೇ ಕೇಳಿ ಮುಗಿಸುವ ಎಣಿಕೆ. ಹುಣಸೆಮರದ ಕೆಳಗೆ ನೆಲ ಗುಡಿಸಿ ಖಾಲಿಯಾಗಿತ್ತು. ಒಲೆಯ ಕಲ್ಲುಗಳು ಬದಿಗೆ ಸರಿದಿದ್ದವು. ಸಂತೆಕಟ್ಟೆಯ ಮೇಲೆ ಬುಟ್ಟಿ ಇಳಿಸುತ್ತಿದ್ದ ಕಾಯಿಪಲ್ಯೆ ಮಾರುವ ಗಂಗವ್ವ ಅವನನ್ನು ನೋಡಿ ಎದ್ದು ಬಂದಳು. ಆಕೆಯ ಕೈಯಲ್ಲಿ ಮಡಚಿದ ಕೌದಿಯಿತ್ತು.

"ತಿಪ್ಪವ್ವ ನಸುಕಿನ್ಯಾಗ ಹೋದಳ್ರಿ, ಧಣೇರ. ಎಲ್ಲಿಗಂತ ಕೇಳಿದ್ರ ಹೇಳಲಿಲ್ಲ. 'ನನ್ನ ಸಲುವಾಗಿ ಅಜ್ಜಾರು ಬಯಲಾಗ ಮಲಗ್ಯಾರಂತ. ನಂದೇನೂ ಅಡ್ಡಿ ಇಲ್ಲವ್ವಾ, ಒಳಗ ಹೋಗ್ರಿ ಅಂತ ಅವರಿಗೆ ಹೇಳು. ಇದನ್ನ ಹಾಸಾಕ ಕೊಡು' ಅಂದಳು." ಮತ್ತೆ ಸೇರಿಸಿದಳು: "ಮುರಿಗ್ಯಾ ಚಂದ ಕಟ್ಟಿಸ್ಯಾನ ಅಂದಳ್ರಿ."

ಮುರಿಗೆಪ್ಪ ಆ ಕೌದಿಯನ್ನು ಗುರುತಿಸಿದ. ತುಂಡಿನ ಮೇಲೆ ತುಂಡು ಹಚ್ಚಿ ದಪ್ಪವಾಗಿದ್ದರೂ ನಡುವಿನ ಕೆಂಪು ಅಂಚು ಹಳೆಯದೇ. ಒಂದು ಮಳೆಗಾಲವಿಡೀ ಅವನು ಅದಕ್ಕೆ ಕೆನ್ನೆ ಒತ್ತಿ ಮಲಗಿದ್ದ. ಈ ಚಳಿಯಲ್ಲಿ ಆಕೆ ಏನು ಹೊದ್ದು ಹೋದಳು ಎಂಬ ಯೋಚನೆ ಬಂದದ್ದೇ ತಡ, ಅವನಿಗೆ ದುಃಖ ಉಕ್ಕಿ ಬಂತು. ಊರ ಹೊರಗಿನ ದಾರಿಗಳಲ್ಲೆಲ್ಲ ಓಡಿದ, ಸಿಕ್ಕ ಗಾಡಿಯವರನ್ನೆಲ್ಲ ಕೇಳಿದ. ಯಾರೂ ಕಂಡಿರಲಿಲ್ಲ. ಮನೆಯಿಲ್ಲದವರು ಎದ್ದು ಹೋದರೆ ಯಾರಿಗೆ ತಾನೇ ಗುರುತು ಉಳಿದಿರುತ್ತದೆ?

ಹೊತ್ತೇರಿದ ಮೇಲೆ ಬಂದು ಕೌದಿಯನ್ನು ಪೂಜ್ಯರ ಮುಂದಿಟ್ಟು ನಡೆದದ್ದನ್ನು ಹೇಳಿದ. ಬಯಲಜ್ಜನವರು ಅದನ್ನು ಕಣ್ಣಿಗೊತ್ತಿಕೊಂಡರು. ಅವರ ಕಣ್ಣು ಒದ್ದೆಯಾದದ್ದನ್ನು ಅಂದು ಎಲ್ಲರೂ ನೋಡಿದರು. ಎದ್ದು ಒಳಗೆ ನಡೆದು, ಮೊದಲು ಮುದುಕಿಯ ಮೂಲೆ ಇದ್ದ ಜಾಗದಲ್ಲೇ ಕೌದಿ ಹಾಸಿ ಕುಳಿತರು. ಹಿಂದೆಯೇ ಬಂದ ಮುರಿಗೆಪ್ಪ ಹೊಸ್ತಿಲ ಮೇಲೆ ಕಾಲಿಡಲು ಹೋಗಿ ತಡೆದು ನಿಂತ.

"ನಾನ್ರಿ, ಅಜ್ಜಾರ?"

ಪೂಜ್ಯರು ತಲೆ ಎತ್ತಿ ಅವನನ್ನು ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ.

"ನನಗ ಅಪ್ಪಣೆ ಬಂತು, ತಮ್ಮಾ. ನೀ ಇನ್ನೂ ಕೇಳಿಲ್ಲ."

ಮುರಿಗೆಪ್ಪ ಕಾಲು ಹಿಂದಕ್ಕೆ ತೆಗೆದುಕೊಂಡ. ಮೆಟ್ಟಿಲ ಮೇಲೆ ಕುಳಿತು, ಊರೆಲ್ಲ ನೋಡುತ್ತಿರುವಾಗಲೇ ಮಗುವಿನಂತೆ ಅತ್ತ. ನಿನ್ನೆ ಯಾವ ಮಂದಿಗೆ ಅಂಜಿದ್ದನೋ ಅದೇ ಮಂದಿ ಎದುರಿಗಿದ್ದರು. ಈಗ ಅವರು ಇದ್ದರೇನು, ಬಿಟ್ಟರೇನು.

ಅಂದಿನಿಂದ ಆ ಛತ್ರಕ್ಕೆ ಬೀಗ ಬೀಳಲಿಲ್ಲ. ಅಂಗಡಿಯನ್ನು ಅಳಿಯನಿಗೆ ವಹಿಸಿ ಮುರಿಗೆಪ್ಪ ವರ್ಷಗಟ್ಟಲೆ ಸಂತೆ ಜಾತ್ರೆಗಳಲ್ಲಿ, ಗುಡಿಗಳ ಪೌಳಿಗಳಲ್ಲಿ ತಿಪ್ಪವ್ವನನ್ನು ಹುಡುಕಿದ. ಕಾಲು ಸೋತ ಮೇಲೆ ಛತ್ರದ ಮೆಟ್ಟಿಲೇ ಅವನ ಮನೆಯಾಯಿತು. ತಂಗಲು ಬಂದವರು "ಇಲ್ಲಿ ಇರಬಹುದೇನ್ರಿ?" ಎಂದರೆ, "ನನ್ನ ಕೇಳಬ್ಯಾಡ್ರಿ, ಒಳಗಿದ್ದವರನ್ನ ಕೇಳ್ರಿ. ನಾನೂ ಹೊರಗಿನಾವ" ಎನ್ನುವನು. ಅಂಬಲಿಯ ಗಡಿಗೆ ಒಳಗೆ ಒಯ್ಯಬೇಕಾದಾಗ ಹೊಸ್ತಿಲಲ್ಲಿ ಕೈಮುಗಿದು ನಿಂತು, ಒಳಗಿರುವವರು ಕುರುಡರಿರಲಿ, ಕುಂಟರಿರಲಿ, "ನಾ ಬರಬಹುದೇನ್ರಿ?" ಎಂದು ಕೇಳುವನು. ಅವರು ನಗುತ್ತ ಬಾ ಎನ್ನುವರು. ಬಡಿಸಿ, ಮತ್ತೆ ಮೆಟ್ಟಿಲಿಗೇ ಬಂದು ಕೂರುವನು.

ದೂರದಿಂದ ಯಾವಳಾದರೂ ಮುದುಕಿ ಕೋಲೂರಿಕೊಂಡು ಬರುವುದು ಕಂಡರೆ ಮಾತ್ರ ಮುರಿಗೆಪ್ಪ ಎದ್ದು ನಿಲ್ಲುತ್ತಿದ್ದ. ಆಕೆ ಹತ್ತಿರ ಬಂದು "ಧಣೇರ" ಎನ್ನುವಳು. ಅವನು ತಲೆ ತಗ್ಗಿಸಿ ದಾರಿ ಬಿಡುವನು. ಅವನನ್ನು ಮುರಿಗ್ಯಾ ಎಂದು ಕರೆಯುವವರು ಮತ್ತೆ ಯಾರೂ ಆ ದಾರಿಯಲ್ಲಿ ಬರಲಿಲ್ಲ.